ಊರಿನ ಜಮೀನಿನ ಕೇಸಿಗೆ ಊರಿನ ವಕೀಲರು: ಹುಡುಕುವುದು ಹೇಗೆ, ಜೊತೆಗೆ ನಡೆಯುವುದು ಹೇಗೆ?

ನಮ್ಮಮ್ಮನ ತವರು ತಿಪಟೂರು ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿನ ತೆಂಗಿನ ತೋಟದಲ್ಲಿ ಪಾಲು ಕೇಳಿ ಚಿಕ್ಕಮ್ಮ ದಾವೆ ಹಾಕಿದರು. ಪಾಲಿನ ದಾವೆಯಲ್ಲಿ ಹಕ್ಕುದಾರರೆಲ್ಲರೂ ಪಕ್ಷಗಾರರಾಗಬೇಕು. ಹಾಗಾಗಿ ಬೆಂಗಳೂರಿನ ನಮ್ಮ ಮನೆಗೆ, ಅಮ್ಮನ ಹೆಸರಿಗೂ ಸಮನ್ಸ್ ಬಂತು. ನಾವು ಗಾಬರಿಯಲ್ಲಿ ಪರಿಚಯದ ಬೆಂಗಳೂರಿನ ವಕೀಲರೊಬ್ಬರಿಗೆ ಕೇಸು ಕೊಟ್ಟೆವು. ಒಳ್ಳೆಯ ಮನುಷ್ಯ, ಕೆಲಸವೂ ಗೊತ್ತಿತ್ತು. ಆದರೆ ಪ್ರತಿ ವಾಯಿದೆಗೂ, ಅಂದರೆ ಕೋರ್ಟು ಕೇಸು ಕರೆಯುವ ದಿನಕ್ಕೂ, ಅವರು ಬೆಳಗಿನ ಜಾವ ಎದ್ದು ಅಷ್ಟು ದೂರ ಹೋಗಬೇಕಿತ್ತು. ಬೆಂಗಳೂರಿನಲ್ಲಿ ಬೇರೆ ಕೇಸು ಇದ್ದ ದಿನ ಹೋಗಲು ಆಗಲಿಲ್ಲ. ಅಂಥ ಒಂದು ದಿನ ನ್ಯಾಯಾಲಯ ಅಮ್ಮನನ್ನು ಎಕ್ಸ್‌ಪಾರ್ಟಿ ಮಾಡಿತು. ಅಂದರೆ, ಕರೆದರೂ ಬರಲಿಲ್ಲ ಎಂದು ಬರೆದು, ಅಮ್ಮನ ಮಾತು ಕೇಳದೆಯೇ ಕೇಸು ಮುಂದಕ್ಕೆ ಹೋಯಿತು. ಅದನ್ನು ರದ್ದು ಮಾಡಿಸಲು ಅರ್ಜಿ ಹಾಕಿ, ಖರ್ಚು ಕಟ್ಟಿ, ತಿಂಗಳುಗಟ್ಟಲೆ ಕಾಯಬೇಕಾಯಿತು.

ಆಮೇಲೆ ತಿಪಟೂರಿನಲ್ಲೇ ವಕೀಲರನ್ನು ಹುಡುಕಿದೆವು. ಆ ಹುಡುಕಾಟದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಊರಲ್ಲಿ ಜಮೀನು, ಕೆಲಸ ಬೇರೆ ಕಡೆ ಎನ್ನುವ ಮನೆಗಳು ನಮ್ಮಲ್ಲಿ ಜಾಸ್ತಿ, ಅಲ್ವಾ?

ಮೊದಲು ಯಾವ ಕೋರ್ಟು ಎಂದು ತಿಳಿಯಿರಿ

ಜಮೀನಿನ ದಾವೆಯನ್ನು ಜಮೀನು ಇರುವ ಕಡೆಯ ನ್ಯಾಯಾಲಯದಲ್ಲೇ ಹಾಕಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೇ ಕಲಂ ಹೇಳುವುದು ಇದನ್ನೇ. ನೀವು ಎಲ್ಲಿದ್ದೀರಿ ಎನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ದಿನಾ ಆ ಕೋರ್ಟಿನಲ್ಲಿ ನಿಲ್ಲುವ ವಕೀಲರೇ ಬೇಕು.

ಇನ್ನೊಂದು ವ್ಯತ್ಯಾಸ ಗೊತ್ತಿರಲಿ. ಪಾಲು, ಕ್ರಯದ ಜಗಳ, ತಡೆಯಾಜ್ಞೆ ಇವು ಸಿವಿಲ್ ಕೋರ್ಟಿನ ವಿಷಯ. ಮ್ಯುಟೇಷನ್ (ಖಾತೆ ಬದಲಾವಣೆ) ತಪ್ಪಾಗಿ ಆಗಿದೆ, ಪಹಣಿಯಲ್ಲಿ ಬೇರೆಯವರ ಹೆಸರು ಕೂತಿದೆ ಎಂದಾದರೆ ಅದು ಕಂದಾಯ ಇಲಾಖೆಯ ದಾರಿ. ಮ್ಯುಟೇಷನ್ ಆದೇಶದ ಮೇಲೆ ಮೇಲ್ಮನವಿ ಹೋಗುವುದು ಉಪವಿಭಾಗಾಧಿಕಾರಿ ಮುಂದೆ, ಅಂದರೆ ಜನ ಹೇಳುವ ಎ.ಸಿ. ಕೋರ್ಟಿಗೆ. ಕೆಲವು ವಕೀಲರಿಗೆ ಸಿವಿಲ್ ಚೆನ್ನಾಗಿ ಗೊತ್ತು, ಎ.ಸಿ. ಕೋರ್ಟಿನ ಅಭ್ಯಾಸ ಕಡಿಮೆ. ಕೆಲವರದ್ದು ಬರೀ ಕ್ರಿಮಿನಲ್ ಕೇಸು. ನಿಮ್ಮ ಕೆಲಸ ಯಾವುದೋ ಅದನ್ನೇ ಹೆಚ್ಚು ಮಾಡುವವರನ್ನು ಹುಡುಕಿ.

ಹೆಸರು ಹುಡುಕುವುದು

ವಕೀಲರು ತಮ್ಮ ಕೆಲಸಕ್ಕೆ ಜಾಹೀರಾತು ಕೊಡುವಂತಿಲ್ಲ. ಇದು ಭಾರತೀಯ ವಕೀಲರ ಪರಿಷತ್ತಿನ ನಿಯಮ. ಹಾಗಾಗಿ ಬಾಯಿಮಾತೇ ದಾರಿ. ಆದರೆ ಕೋರ್ಟಿನ ಗೇಟಿನಲ್ಲೇ ಹಿಡಿದು 'ನನಗೆ ಗೊತ್ತಿರೋ ಲಾಯರ್ ಇದ್ದಾರೆ, ಬನ್ನಿ' ಎನ್ನುವವರ ಹಿಂದೆ ಹೋಗಬೇಡಿ.

ಆ ತಾಲ್ಲೂಕಿನಲ್ಲಿ ಪಾಲಿನ ಕೇಸು ನಡೆಸಿದವರನ್ನು ಕೇಳಿ. 'ಕೇಸು ಗೆದ್ದರಾ?' ಎಂದು ಕೇಳಿದರೆ ಏನೂ ತಿಳಿಯುವುದಿಲ್ಲ. ಗೆಲುವು ಸೋಲು ಕಾಗದದ ಮೇಲೂ ನಿಂತಿರುತ್ತದೆ. 'ಫೋನ್ ಎತ್ತುತ್ತಿದ್ದರಾ? ಮುಂದಿನ ವಾಯಿದೆ ಅವರೇ ಹೇಳುತ್ತಿದ್ದರಾ? ಸಾಕ್ಷಿ ನುಡಿಯುವ ಮೊದಲು ಕೂರಿಸಿಕೊಂಡು ಹೇಳಿಕೊಟ್ಟರಾ?' ಎಂದು ಕೇಳಿ. ನಾವು ಮೂರು ಹೆಸರು ಬರೆದುಕೊಂಡು ಹೋಗಿದ್ದೆವು.

ಆಮೇಲೆ ಒಂದು ದಿನ ರಜೆ ಹಾಕಿ ಕೋರ್ಟ್ ಹಾಲಿನಲ್ಲಿ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತು ನೋಡಿ. ಸಾಮಾನ್ಯವಾಗಿ ಯಾರು ಬೇಕಾದರೂ ಕೂರಬಹುದು. ಯಾರು ಫೈಲು ಓದಿಕೊಂಡು ಬಂದಿದ್ದಾರೆ, ಯಾರು ಬರೀ ಮುಂದಿನ ದಿನಾಂಕ ಕೇಳುತ್ತಿದ್ದಾರೆ ಎಂದು ಒಂದು ಬೆಳಗ್ಗೆಯಲ್ಲೇ ಗೊತ್ತಾಗುತ್ತದೆ. ನಮ್ಮ ಮೂರು ಹೆಸರಲ್ಲಿ ಒಬ್ಬರು ಮಹಿಳಾ ವಕೀಲರಿದ್ದರು. ಅವರು ಎದುರು ಪಕ್ಷದ ಒಬ್ಬ ಸಾಕ್ಷಿಗೆ ಪಾಟಿ ಸವಾಲು ಮಾಡುವುದನ್ನು, ಅಂದರೆ ಪ್ರಶ್ನೆ ಹಾಕಿ ಅವರ ಮಾತನ್ನು ಪರೀಕ್ಷಿಸುವುದನ್ನು ನೋಡಿದೆವು. ದನಿ ಏರಿಸಲಿಲ್ಲ, ಒಂದೊಂದೇ ಕಾಗದ ತೋರಿಸಿ ಕೇಳುತ್ತಾ ಹೋದರು. ಅಮ್ಮ ಅಲ್ಲೇ ತೀರ್ಮಾನ ಮಾಡಿಬಿಟ್ಟಳು.

ವಕೀಲರಾಗಿ ಕೆಲಸ ಮಾಡಲು ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ ಆಗಿರಲೇಬೇಕು. ನೋಂದಣಿ ಸಂಖ್ಯೆ ಕೇಳುವುದರಲ್ಲಿ ತಪ್ಪೇನೂ ಇಲ್ಲ, ನಿಜವಾದ ವಕೀಲರು ಬೇಜಾರು ಮಾಡಿಕೊಳ್ಳುವುದಿಲ್ಲ.

ಮೊದಲ ಭೇಟಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಕೇಸಿನ ಅರ್ಧ ಗತಿ ಈ ಭೇಟಿಯಲ್ಲೇ ತೀರ್ಮಾನವಾಗುತ್ತದೆ ಎನ್ನುವುದು ನನ್ನ ಅನುಭವ.

ಕಥೆ ಹೇಳುವ ಮೊದಲು ಎದುರು ಪಕ್ಷದವರ ಹೆಸರು ಮಾತ್ರ ಹೇಳಿ, 'ಇವರ ಕೆಲಸ ನೀವು ಏನಾದರೂ ಮಾಡಿದ್ದೀರಾ?' ಎಂದು ಕೇಳಿ. ತಾಲ್ಲೂಕು ಚಿಕ್ಕದು. ನಿಮ್ಮ ಮಾವನ ಹಳೆಯ ಕ್ರಯಪತ್ರ ಅವರೇ ಮಾಡಿಸಿರಬಹುದು. ಹೌದು ಎಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಜೊತೆಗೆ ಒಯ್ಯಬೇಕಾದ ಕಾಗದ: ಪಹಣಿ, ಈಗಿನದ್ದು ಮಾತ್ರವಲ್ಲ, ಎಷ್ಟು ಹಿಂದಿನದು ಸಿಗುತ್ತದೋ ಅಷ್ಟು. ಮ್ಯುಟೇಷನ್ ನಕಲು. ಉಪನೋಂದಣಿ ಕಚೇರಿಯ ಋಣಭಾರ ಪತ್ರ, ಅಂದರೆ ಇ.ಸಿ. ವಂಶವೃಕ್ಷ. ಕ್ರಯಪತ್ರ, ವಿಲ್ ಏನಿದ್ದರೂ ಅದು. ಹಿಂದೆ ಮನೆಯಲ್ಲಿ ಪಾಲು ಆಗಿದ್ದರೆ ಆ ಪಾಲುಪಟ್ಟಿ. ನೋಂದಣಿ ಆಗಿಲ್ಲ, ಬಿಳಿ ಹಾಳೆಯಲ್ಲಿ ಬರೆದದ್ದು ಎಂದು ಮನೆಯಲ್ಲಿ ಬಿಟ್ಟು ಹೋಗಬೇಡಿ. ಎದುರಿನವರು ಅದನ್ನು ಕೋರ್ಟಿಗೆ ತರುವ ಮೊದಲು ನಿಮ್ಮ ವಕೀಲರು ನೋಡಿರಬೇಕು.

ಹೆಣ್ಣುಮಕ್ಕಳ ಪಾಲಿನ ವಿಷಯದಲ್ಲಂತೂ ಈ ಕಾಗದವೇ ಮುಖ್ಯ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹಕ್ಕು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತ್ತು, ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರಲ್ಲಿ ಇಡೀ ದೇಶಕ್ಕೆ ತಿದ್ದುಪಡಿ ಬಂದು ಮದುವೆಯ ಆ ಭೇದ ಹೋಯಿತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್, ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಲೇಬೇಕು ಎಂದಿಲ್ಲ ಎಂದು ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕೂ ಮೊದಲು ನೋಂದಾಯಿತ ಪತ್ರದ ಮೂಲಕ ಪಾಲಾಗಿದ್ದರೆ ಮಾತು ಬೇರೆ. ನಾವು ಭೇಟಿಯಾದ ಒಬ್ಬ ವಕೀಲರು ಕಾಗದ ನೋಡುವ ಮೊದಲೇ 'ಪಾಲು ಬಂದೇ ಬರುತ್ತೆ, ಬಿಡಿ' ಎಂದರು. ಅಮ್ಮ ಮೆಚ್ಚಿದ ಆ ಮಹಿಳಾ ವಕೀಲರು, ಅಂದರೆ ನಮ್ಮ ಮೇಡಂ, ಮೊದಲು ಕೇಳಿದ್ದೇ 'ಹಿಂದೆ ರಿಜಿಸ್ಟರ್ ಆದ ವಿಭಾಗ ಇದೆಯಾ?' ಎಂದು. ಯಾರ ಮೇಲೆ ನಂಬಿಕೆ ಬರುತ್ತದೆ ನೀವೇ ಹೇಳಿ. ಗೆಲುವಿನ ಭರವಸೆ ಕೊಡುವವರಿಗಿಂತ ಪ್ರಶ್ನೆ ಕೇಳುವವರು ಮೇಲು.

ನಿಮಗೆ ವಿರುದ್ಧವಾದ ಸಂಗತಿಯನ್ನೂ ಹೇಳಿ. ಅಮ್ಮ ಮದುವೆಯ ಕಾಲದಲ್ಲಿ ಒಂದು ಹಾಳೆಗೆ ಸಹಿ ಹಾಕಿದ್ದಳು. ಅದನ್ನು ಹೇಳಲು ಅವಳಿಗೆ ಸಂಕೋಚ. ವಕೀಲರಿಗೆ ನೀವು ಹೇಳಿದ ಗುಟ್ಟಿಗೆ ಕಾನೂನಿನ ರಕ್ಷಣೆ ಇದೆ. ನಿಮ್ಮ ಒಪ್ಪಿಗೆ ಇಲ್ಲದೆ ಅವರು ಅದನ್ನು ಹೊರಗೆ ಹೇಳುವಂತಿಲ್ಲ. ಹಾಗಾಗಿ ಪೂರ್ತಿ ಹೇಳಿ. ಪಾಟಿ ಸವಾಲಿನಲ್ಲಿ ಎದುರು ವಕೀಲರು ಆ ಹಾಳೆ ತೆಗೆದಾಗ ನಿಮ್ಮವರು ಮೊದಲ ಸಲ ನೋಡುವಂತಾದರೆ, ಆ ಹೊತ್ತಿನಲ್ಲಿ ಅವರು ಮಾಡಬಹುದಾದದ್ದು ತೀರಾ ಕಡಿಮೆ.

ಒಂದು ಹಾಳೆಯಲ್ಲಿ ವರ್ಷದ ಪ್ರಕಾರ ಘಟನೆ ಬರೆದುಕೊಂಡು ಹೋಗಿ: ತಾತ ತೀರಿಕೊಂಡದ್ದು, ಖಾತೆ ಬದಲಾದದ್ದು, ಜಗಳ ಶುರುವಾದದ್ದು. ಮೇಡಂ ಇವತ್ತಿಗೂ ಅಮ್ಮ ಬರೆದ ಆ ಹಾಳೆಯನ್ನು ಫೈಲಿನ ಮೊದಲ ಪುಟದಲ್ಲಿ ಇಟ್ಟಿದ್ದಾರೆ. ಮೂಲ ಕಾಗದವನ್ನು ಕೊಡಬೇಕಾಗಿ ಬಂದರೆ ಪಟ್ಟಿ ಮಾಡಿ, ಪಡೆದದ್ದಕ್ಕೆ ಸಹಿ ಹಾಕಿಸಿಕೊಳ್ಳಿ. ಜೆರಾಕ್ಸ್ ಒಂದು ಸೆಟ್ ಮನೆಯಲ್ಲಿರಲಿ.

ಫೀಸಿನ ಮಾತು

ಹಣದ ಮಾತು ಆಡಲು ನಮಗೆ ನಾಚಿಕೆ. ಆದರೆ ಆಮೇಲಿನ ಮನಸ್ತಾಪಕ್ಕಿಂತ ಮೊದಲೇ ಕೇಳುವುದು ಒಳ್ಳೆಯದು. ದಾವೆ ಅಥವಾ ತಕರಾರು (ದಾವೆಗೆ ನಾವು ಬರೆದು ಕೊಡುವ ಉತ್ತರ) ಹಾಕಲು ಎಷ್ಟು, ನಡುವೆ ಬರುವ ಅರ್ಜಿಗಳಿಗೆ ಎಷ್ಟು, ಸಾಕ್ಷಿ ಹಂತಕ್ಕೆ ಎಷ್ಟು, ವಾದಕ್ಕೆ ಎಷ್ಟು ಎಂದು ಬಿಡಿಸಿ ಕೇಳಿ. ಕೋರ್ಟ್ ಶುಲ್ಕ, ಸಮನ್ಸ್ ಖರ್ಚು, ಟೈಪಿಂಗ್, ಸರ್ವೆ ಅಥವಾ ಕೋರ್ಟ್ ಕಮಿಷನರ್ (ಸ್ಥಳ ನೋಡಲು ಕೋರ್ಟು ಕಳಿಸುವವರು) ಖರ್ಚು ಫೀಸಿನಲ್ಲಿ ಸೇರಿದೆಯಾ ಬೇರೆಯಾ ಎಂದೂ ಕೇಳಿ. ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಆದಷ್ಟು ಯುಪಿಐ ಅಥವಾ ಚೆಕ್ಕಿನಲ್ಲಿ ಕೊಡಿ.

'ಈಗೇನೂ ಬೇಡ, ಗೆದ್ದ ಮೇಲೆ ಅರ್ಧ ಎಕರೆ ಕೊಡಿ' ಎನ್ನುವವರೂ ಸಿಗುತ್ತಾರೆ. ಕೇಳಲು ಹಗುರ. ಆದರೆ ಗೆಲುವಿನ ಮೇಲೆ ಫೀಸು ಕಟ್ಟುವುದು, ಆಸ್ತಿಯಲ್ಲಿ ಪಾಲು ಕೇಳುವುದು ವಕೀಲರ ನಿಯಮಕ್ಕೆ ವಿರುದ್ಧ. ಅಂಥವರನ್ನು ಬಿಟ್ಟುಬಿಡಿ.

ಹಣ ಇಲ್ಲ ಎಂದು ಕೈ ಚೆಲ್ಲಬೇಡಿ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಮಿಕರು, ಕಡಿಮೆ ಆದಾಯದವರು ಉಚಿತ ವಕೀಲರನ್ನು ಕೇಳಬಹುದು. ಮಹಿಳೆಯರಿಗೆ ಆದಾಯದ ಮಿತಿಯೇ ಇಲ್ಲ. ಇದು ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತಿಲ್ಲ, ಗೊತ್ತಾಗಬೇಕು. 15100ಕ್ಕೆ ಕರೆ ಮಾಡಿದರೂ ದಾರಿ ಹೇಳುತ್ತಾರೆ.

ವಕಾಲತ್ತಿಗೆ ಸಹಿ

ವಕಾಲತ್ತು ಎಂದರೆ ನಿಮ್ಮ ಪರವಾಗಿ ನಡೆಯಲು ಕೊಡುವ ಅಧಿಕಾರ. ಅಚ್ಚಾದ ನಮೂನೆಯಲ್ಲಿ ಸಾಮಾನ್ಯವಾಗಿ ರಾಜಿ ಮಾಡಿಕೊಳ್ಳುವ ಅಧಿಕಾರವೂ ಇರುತ್ತದೆ. ಓದಿ, ಅರ್ಥವಾಗದಿದ್ದರೆ ಕನ್ನಡದಲ್ಲಿ ಹೇಳಿಸಿಕೊಳ್ಳಿ. 'ನನಗೆ ಹೇಳದೆ ರಾಜಿ ಬೇಡ' ಎಂದು ಮೆಸೇಜ್ ಕಳಿಸಿಡಿ. ಖಾಲಿ ಹಾಳೆಗೆ, ಖಾಲಿ ಛಾಪಾ ಕಾಗದಕ್ಕೆ ಯಾವ ಕಾರಣಕ್ಕೂ ಸಹಿ ಹಾಕಬೇಡಿ.

ಕೇಸು ನಡೆಯುವಾಗ

ನೀವು ಪ್ರತಿವಾದಿಯಾದರೆ ಮೊದಲ ಗಡುವು ತಕರಾರಿನದು. ಸಮನ್ಸ್ ತಲುಪಿದ 30 ದಿನದಲ್ಲಿ ಹಾಕಬೇಕು. ಕಾರಣ ಕೊಟ್ಟರೆ ನ್ಯಾಯಾಲಯ 90 ದಿನದವರೆಗೆ ಬಿಡಬಹುದು. ಸಮನ್ಸನ್ನು ಫ್ರಿಜ್ ಮೇಲೆ ಇಟ್ಟು ಹಬ್ಬ ಮುಗಿಯಲಿ ಎಂದು ಕೂರಬೇಡಿ.

ಕೇಸು ನಂಬರ್ ಆದ ಕೂಡಲೇ ಸಿಎನ್ಆರ್ ಸಂಖ್ಯೆ ಕೇಳಿ ಪಡೆಯಿರಿ. 16 ಅಕ್ಷರ ಮತ್ತು ಅಂಕೆಗಳ ಈ ಸಂಖ್ಯೆಯನ್ನು ಇ-ಕೋರ್ಟ್ಸ್ ಸರ್ವಿಸಸ್ ಆ್ಯಪ್‌ನಲ್ಲಿ ಹಾಕಿದರೆ ಮುಂದಿನ ದಿನಾಂಕ, ಯಾವ ಹಂತ, ಹಿಂದಿನ ದಿನ ಏನಾಯಿತು ಎಲ್ಲ ಕಾಣುತ್ತದೆ. ನಮ್ಮ ಕೇಸಿನ ಶುರುವಿನಲ್ಲೇ ಇದು ಗೊತ್ತಿದ್ದಿದ್ದರೆ ಎಕ್ಸ್‌ಪಾರ್ಟಿ ಆದದ್ದು ಅವತ್ತೋ ಮರುದಿನವೋ ತಿಳಿಯುತ್ತಿತ್ತು. ಈಗ ಪ್ರತಿ ವಾಯಿದೆಯ ಸಂಜೆ ನೋಡುತ್ತೇನೆ. ಆಮೇಲೆ ಮೇಡಂಗೆ ಮೂರೇ ಪ್ರಶ್ನೆ: ಇವತ್ತು ಏನಾಯ್ತು? ಮುಂದೆ ಏನು? ನಾವು ಏನು ತರಬೇಕು?

ಬೆಳಗ್ಗೆ 11ಕ್ಕೆ ಫೋನ್ ಮಾಡಿದರೆ ಅವರು ಕೋರ್ಟಿನಲ್ಲಿ ನಿಂತಿರುತ್ತಾರೆ. ಸಂಜೆ ಮಾಡಿ. ಅವರ ಜೂನಿಯರ್ ಮತ್ತು ಗುಮಾಸ್ತರ ನಂಬರೂ ಇಟ್ಟುಕೊಳ್ಳಿ. ಯಾವ ಕಾಗದ ಎಲ್ಲಿದೆ ಎಂದು ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಸಾಕ್ಷಿ ನುಡಿಯುವ ಹಿಂದಿನ ದಿನ ತಪ್ಪದೆ ಹೋಗಿ ಕೂತುಕೊಳ್ಳಿ. ನಿಮ್ಮ ಸಾಕ್ಷ್ಯದ ಪ್ರಮಾಣಪತ್ರ, ಅಂದರೆ ಅಫಿಡವಿಟ್, ಇಂಗ್ಲಿಷಿನಲ್ಲಿ ಟೈಪ್ ಆಗಿದ್ದರೆ ಸಾಲು ಸಾಲಾಗಿ ಕನ್ನಡದಲ್ಲಿ ಕೇಳಿ ತಿಳಿದು ಸಹಿ ಹಾಕಿ. ಪಾಟಿ ಸವಾಲಿನಲ್ಲಿ 'ನೀವೇ ಹೀಗೆ ಬರೆದಿದ್ದೀರಲ್ಲ' ಎಂದು ಕೇಳುವುದು ಅದನ್ನೇ.

ವಿದೇಶದಲ್ಲಿ ಇರುವವರು ಅಣ್ಣನಿಗೋ ತಮ್ಮನಿಗೋ ಜಿಪಿಎ, ಅಂದರೆ ತಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ, ಕೊಡುತ್ತಾರೆ. ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಜಿಪಿಎ ಇಲ್ಲಿಗೆ ಬಂದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಒಂದು ಮಿತಿ ನೆನಪಿರಲಿ: ನಿಮಗೆ ಮಾತ್ರ ಗೊತ್ತಿರುವ ಸಂಗತಿಗೆ ಜಿಪಿಎ ಪಡೆದವರು ನಿಮ್ಮ ಬದಲು ಸಾಕ್ಷಿ ನುಡಿಯಲು ಆಗದು.

ಹೊಂದಾಣಿಕೆ ಆಗದಿದ್ದರೆ

ಮೊದಲು ಎದುರು ಕೂತು ಮಾತಾಡಿ. ಆಗಲೂ ಸರಿಹೋಗದಿದ್ದರೆ ವಕೀಲರನ್ನು ಬದಲಿಸುವುದು ನಿಮ್ಮ ಹಕ್ಕು. ಹಳಬರಿಂದ ಎನ್ಒಸಿ (ಅಭ್ಯಂತರ ಇಲ್ಲ ಎಂಬ ಪತ್ರ) ಪಡೆದು ಹೊಸಬರ ವಕಾಲತ್ತು ಹಾಕಿಸುವುದು ರೂಢಿ. ಕೊಡದಿದ್ದರೆ ನ್ಯಾಯಾಲಯದ ಅನುಮತಿ ಕೇಳಬಹುದು. ಫೀಸು ಬಾಕಿ ಇದೆ ಎಂದು ಫೈಲು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ರಲ್ಲೇ ಹೇಳಿದೆ. ಹಾಗೆಂದು ಬಾಕಿ ಉಳಿಸಬೇಡಿ, ಮಾಡಿದ ಕೆಲಸಕ್ಕೆ ಕೊಡಲೇಬೇಕು. ನಾವು ಬೆಂಗಳೂರಿನ ವಕೀಲರಿಗೆ ಪೂರ್ತಿ ಕೊಟ್ಟು, ಅವರೇ ಸಹಿ ಮಾಡಿದ ಎನ್ಒಸಿ ತಂದೆವು. ಇವತ್ತಿಗೂ ಅವರು ಸಿಕ್ಕರೆ ಅಮ್ಮನ ಆರೋಗ್ಯ ಕೇಳುತ್ತಾರೆ.

ನಿಜವಾದ ದುರ್ನಡತೆಯೇ ಆಗಿದ್ದರೆ, ಅಂದರೆ ಹಣ ನುಂಗಿದ್ದು, ಎದುರು ಪಕ್ಷದ ಜೊತೆ ಸೇರಿದ್ದು, ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಗ್ರಾಹಕ ನ್ಯಾಯಾಲಯಕ್ಕೆ ಹೋಗಲು ಬರುವುದಿಲ್ಲ. 2024ರ ಮೇ 14ರಂದು ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟ ಮಾಡಿದೆ.

ಡಿಕ್ರಿ ಆದ ಮೇಲೆ

ಪಾಲಿನ ದಾವೆಯಲ್ಲಿ ಮೊದಲು ಬರುವುದು ಪ್ರಾಥಮಿಕ ಡಿಕ್ರಿ, ಅಂದರೆ ಕೋರ್ಟಿನ ಮೊದಲ ಹಂತದ ತೀರ್ಮಾನ. ಯಾರಿಗೆ ಎಷ್ಟು ಭಾಗ ಎಂದು ಅದು ಹೇಳುತ್ತದೆ. ತೋಟದ ಯಾವ ತುಂಡು ಯಾರಿಗೆ ಎಂದು ಅಳತೆ ಮಾಡಿ ಕೊಡುವುದು ಅಂತಿಮ ಡಿಕ್ರಿಯಲ್ಲಿ. ಎಷ್ಟೋ ಜನ ಮೊದಲನೆಯದು ಬಂದ ದಿನ ಸಿಹಿ ಹಂಚಿ ಸುಮ್ಮನಾಗುತ್ತಾರೆ, ಫೈಲು ವರ್ಷಗಟ್ಟಲೆ ಮಲಗುತ್ತದೆ. ಹಾಗಾಗಿ ಫೀಸು ಮಾತಾಡುವಾಗಲೇ 'ಅಂತಿಮ ಡಿಕ್ರಿವರೆಗೂ ನೀವೇ ನೋಡುತ್ತೀರಾ?' ಎಂದು ಕೇಳಿಡಿ. ಅದಾದ ಮೇಲೆ ಡಿಕ್ರಿಯ ದೃಢೀಕೃತ ನಕಲು, ಮುದ್ರಾಂಕ, ಆಮೇಲೆ ತಾಲ್ಲೂಕು ಕಚೇರಿಯಲ್ಲಿ ಮ್ಯುಟೇಷನ್.

ಅಮ್ಮನ ಕೇಸಿನಲ್ಲಿ ಈಗ ಸರ್ವೆ ಮುಗಿದಿದೆ. ಪಹಣಿಯ 9ನೇ ಕಾಲಂನಲ್ಲಿ ಅವಳ ಹೆಸರು ಬರುವವರೆಗೂ ವಾಯಿದೆಯ ಸಂಜೆ ಮೇಡಂಗೆ ಫೋನ್ ಮಾಡುತ್ತಲೇ ಇರುತ್ತೇನೆ.