ಒಂದೇ ಸೀಸನ್, ಮೂರು ಬೋಟು: ರೇಸಿಗೆ ತಯಾರಾಗುವುದು ಹೇಗೆ?

ಸೇಲಿಂಗ್ ರೇಸ್ ಮಾಡುತ್ತೇನೆ ಅಂದರೆ ಬೆಂಗಳೂರಿನಲ್ಲಿ ಎಲ್ಲರೂ ಕೇಳುವುದು ಒಂದೇ, "ಇಲ್ಲಿ ಸಮುದ್ರ ಎಲ್ಲಿದೆ ಮಾರಾಯ?" ಕೆಆರ್‌ಎಸ್ ಹಿನ್ನೀರಿದೆ, ಅಷ್ಟು ಸಾಕು. ನಿಜವಾದ ತಲೆನೋವು ನೀರಿನದಲ್ಲ, ಬೋಟಿನದು. ಜುಲೈನಲ್ಲಿ ಹೈದರಾಬಾದಿನ ಹುಸೇನ್ ಸಾಗರದಲ್ಲಿ ಒಬ್ಬರೇ ಓಡಿಸುವ ಇಲ್ಕಾ 6, ಮಳೆಗಾಲ ಮುಗಿದ ಮೇಲೆ ಮುಂಬೈಯಲ್ಲಿ ಯಾರದೋ ಐದು ಜನರ ಜೆ/24, ಜನವರಿ ಹೊತ್ತಿಗೆ ಚೆನ್ನೈಯಲ್ಲಿ ಗೆಳೆಯನ ಇಬ್ಬರು ಓಡಿಸುವ 29ಇಆರ್. ಮೂರರಲ್ಲೂ ಹಾಯಿ ಇದೆ, ಚುಕ್ಕಾಣಿ ಇದೆ. ಅದನ್ನು ಬಿಟ್ಟರೆ ಸೈಕಲ್‌ಗೂ ಲಾರಿಗೂ ಇರುವಷ್ಟು ವ್ಯತ್ಯಾಸ.

ಮೊದಲು ಒಂದು ಬೋಟನ್ನು ನಿಮ್ಮದು ಅಂತ ಗಟ್ಟಿ ಮಾಡಿಕೊಳ್ಳಿ. ಉಳಿದ ಎರಡಕ್ಕೆ ನೆಂಟರ ಮನೆಗೆ ಹೋದ ಹಾಗೆ ಹೋಗಿ ಬನ್ನಿ. ಮೂರಕ್ಕೂ ಸಮನಾಗಿ ಟೈಮ್ ಹಂಚಲು ಹೋದರೆ ಮೂರರಲ್ಲೂ ನಡುವಿನ ಸ್ಥಾನವೇ ಗತಿ, ನಾನು ಒಂದು ವರ್ಷ ಹಾಗೇ ಹಾಳು ಮಾಡಿಕೊಂಡೆ. ನಿಮ್ಮ ಬೋಟು ಯಾವುದು ಅಂತ ನಿರ್ಧರಿಸುವುದು ಆಸೆ ಅಲ್ಲ, ತೂಕದ ಯಂತ್ರ. ಹಿಂದೆ ಲೇಸರ್ ಅನ್ನುತ್ತಿದ್ದರಲ್ಲ, ಅದೇ ಈಗಿನ ಇಲ್ಕಾ. ಬೋಟಿನ ಒಡಲು ಒಂದೇ, ಉದ್ದ 4.2 ಮೀಟರ್ ಚಿಲ್ಲರೆ, ಹಾಯಿ ಮಾತ್ರ ಮೂರು ಅಳತೆಯದು. ಇಲ್ಕಾ 7ರ ದೊಡ್ಡ ಹಾಯಿಗೆ 80 ಕೆಜಿ ಹತ್ತಿರದ ಆಳು ಬೇಕು. ನಾನು 66, ಹಾಗಾಗಿ 6. ಸೀಸನ್ ಮಧ್ಯೆ ಬೋಟಿಗೆ ತಕ್ಕ ಹಾಗೆ ತೂಕ ಏರಿಸಿ ಇಳಿಸುವ ಸಾಹಸ ಬೇಡ.

ಈಗ ಮುಖ್ಯವಾದ ವಿಷಯ. ಹೊಸ ಬೋಟು ಹತ್ತಿದ ಮೊದಲ ದಿನ ಎಲ್ಲರೂ ಸ್ಪೀಡ್ ನೋಡುತ್ತಾರೆ, ನಾನು ವಾಚ್ ನೋಡುತ್ತೇನೆ. ಹಾಯಿ ಪಟಪಟ ಬಡಿಯುವ ಹಾಗೆ ಸಡಿಲ ಬಿಟ್ಟು ಬೋಟನ್ನು ನಿಲ್ಲಿಸಿ, ಆಮೇಲೆ ಶೀಟ್ (ಹಾಯಿಯನ್ನು ಬಿಗಿ ಮಾಡುವ ಹಗ್ಗ) ಎಳೆದು, ಪೂರ್ತಿ ಸ್ಪೀಡ್ ಬರುವ ತನಕ ಎಣಿಸಿ. ಇಲ್ಕಾದಲ್ಲಿ ನನಗೆ ಆರೇಳು ಸೆಕೆಂಡ್. ಜೆ/24ರಲ್ಲಿ ಇಪ್ಪತ್ತೈದು ದಾಟುತ್ತದೆ, ಯಾಕೆಂದರೆ ಅದು 1,400 ಕೆಜಿ ಹತ್ತಿರದ ಬೋಟು, ಮೇಲೆ ಐದು ಜನ ಬೇರೆ. ಇಲ್ಕಾ ಕರು, ಜೆ/24 ಎಮ್ಮೆ. ಎಬ್ಬಿಸುವುದು ಕಷ್ಟ, ನಡೆಯಲು ಶುರು ಮಾಡಿದರೆ ನಿಲ್ಲಿಸುವುದು ಇನ್ನೂ ಕಷ್ಟ.

ಈ ಒಂದು ಅಂಕಿ ಇಟ್ಟುಕೊಂಡೇ ಸ್ಟಾರ್ಟ್ ಪ್ಲಾನ್ ಮಾಡಬೇಕು. ಬಾವುಟದ ಲೆಕ್ಕ ಸಾಮಾನ್ಯವಾಗಿ ಎಲ್ಲಾ ಕಡೆ ಒಂದೇ: ಸ್ಟಾರ್ಟಿಗೆ ಐದು ನಿಮಿಷ ಇರುವಾಗ ಕ್ಲಾಸ್ ಬಾವುಟ (ಆ ಬಗೆಯ ಬೋಟಿನ ಬಾವುಟ) ಏರುತ್ತದೆ, ನಾಲ್ಕಕ್ಕೆ ಎರಡನೆಯದು, ಒಂದು ನಿಮಿಷ ಇರುವಾಗ ಆ ಎರಡನೆಯದು ಇಳಿಯುತ್ತದೆ, ಕ್ಲಾಸ್ ಬಾವುಟ ಇಳಿದರೆ ರೇಸ್ ಶುರು. ಇಲ್ಕಾದಲ್ಲಿ ಆ ಕೊನೆಯ ನಿಮಿಷ ಸ್ಟಾರ್ಟ್ ಲೈನಿನ ಹತ್ತಿರವೇ ನಿಂತು, ಗಾಳಿ ಸಾಗುವ ಬದಿಯಲ್ಲಿರುವ ಬೋಟಿಗೂ ನಮಗೂ ನಡುವೆ ಸ್ವಲ್ಪ ಜಾಗ ಬಿಟ್ಟುಕೊಂಡು, ಎಂಟು ಸೆಕೆಂಡ್ ಇರುವಾಗ ಎಳೆದರೂ ನಡೆಯುತ್ತದೆ. ಇದೇ ಅಭ್ಯಾಸವನ್ನು ನಾನು ಮುಂಬೈಗೆ ಹೊತ್ತುಕೊಂಡು ಹೋದೆ. ಲೈನಿನ ಹತ್ತಿರ ಆರಾಮಾಗಿ ನಿಲ್ಲಿಸಿದೆ. ಬಾವುಟ ಇಳಿಯಿತು, ನಾವು ಅಲ್ಲೇ ಇದ್ದೆವು. ಎರಡೂ ಪಕ್ಕದಲ್ಲಿ ಬೋಟುಗಳು ಬುಸ್ ಅಂತ ಹೋದವು, ಮುಂದೆ ಜಿಬ್ (ಮುಂದಿನ ಹಾಯಿ) ಹಿಡಿದು ಕೂತಿದ್ದ ಅಣ್ಣ ತಿರುಗಿ ನನ್ನನ್ನು ಸುಮ್ನೆ ನೋಡಿದರು, ಏನೂ ಹೇಳಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮುಂಬೈಯಲ್ಲಿ ಇನ್ನೊಂದು ಇದೆ, ಉಬ್ಬರ ಇಳಿತ. ಕೆರೆಯಲ್ಲಿ ಕಲಿತ ನಮಗೆ ಇದು ತಲೆಗೇ ಹೋಗುವುದಿಲ್ಲ. ಹುಣ್ಣಿಮೆ ಅಮಾವಾಸ್ಯೆ ಆಸುಪಾಸಿನಲ್ಲಿ ಅಲ್ಲಿ ನೀರು ನಾಲ್ಕು ಮೀಟರಿಗಿಂತ ಜಾಸ್ತಿ ಏರಿಳಿಯುತ್ತದೆ, ಗಾಳಿ ಕಡಿಮೆಯಿದ್ದರೆ ಬೋಟು ಮುಂದೆ ಹೋಗುತ್ತಿದೆ ಅಂತ ಅನಿಸುತ್ತಿರುತ್ತದೆ, ದಡ ನೋಡಿದರೆ ಹಿಂದೆ ಹೋಗುತ್ತಿರುತ್ತದೆ. ಕ್ಯಾಲೆಂಡರ್ ನೋಡಿ, ಟೈಡ್ ಟೇಬಲ್ ನೋಡಿ, ಆಮೇಲೆ ಲಂಗರು ಹಾಕಿದ ದೋಣಿಗಳ ಮೂತಿ ಯಾವ ಕಡೆ ಇದೆ ಅಂತ ನೋಡಿ. ಗಾಳಿ ಕಮ್ಮಿ ಇದ್ದಾಗ ಮೂತಿ ಹರಿವಿಗೆ ಎದುರಾಗಿರುತ್ತದೆ.

ಹುಸೇನ್ ಸಾಗರದಲ್ಲಿ ಹರಿವಿನ ಕಾಟ ಇಲ್ಲ, ಆದರೆ ಗಾಳಿ ನಂಬುವ ಹಾಗಿಲ್ಲ. ಸುತ್ತ ಊರು, ಕಟ್ಟಡಗಳನ್ನು ಬಳಸಿಕೊಂಡು ಬರುವ ಗಾಳಿ ನಿಮಿಷಕ್ಕೊಂದು ದಿಕ್ಕು. ಅಲ್ಲಿ ಲೆಕ್ಕಾಚಾರಕ್ಕಿಂತ ಕಣ್ಣು ಮುಖ್ಯ: ನೀರಿನ ಮೇಲೆ ಕಪ್ಪಗೆ ಸುಕ್ಕು ಕಾಣುವ ಕಡೆ ಹೋಗಿ.

29ಇಆರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಕೆ.ಸಿ. ಗಣಪತಿ, ವರುಣ್ ಠಕ್ಕರ್ ಓಡಿಸಿದರಲ್ಲ 49ಇಆರ್, ಇದು ಅದರ ತಮ್ಮ. ಇಲ್ಕಾದಿಂದ ಬಂದವರಿಗೆ ಇದರಲ್ಲಿ ಎರಡು ಪೆಟ್ಟು. ಒಂದು, ಗಾಳಿಗೆ ಎದುರು ಹೋಗುವಾಗ ಮೇನ್‌ಶೀಟ್ (ದೊಡ್ಡ ಹಾಯಿಯ ಹಗ್ಗ) ನಿಮ್ಮ ಕೈಯಲ್ಲಿ ಇರುವುದಿಲ್ಲ, ಟ್ರಪೀಜ್‌ನಲ್ಲಿ (ಕಂಬದಿಂದ ಬರುವ ತಂತಿಗೆ ಸಿಕ್ಕಿಸಿಕೊಂಡು) ಬೋಟಿನ ಹೊರಗೆ ನೇತಾಡುವ ಜೊತೆಗಾರನ ಕೈಯಲ್ಲಿರುತ್ತದೆ. ಚುಕ್ಕಾಣಿ ಹಿಡಿದವನ ಇನ್ನೊಂದು ಕೈಗೆ ಕೆಲಸವೇ ಇಲ್ಲ ಅನಿಸುತ್ತದೆ, ಹಗ್ಗ ಹುಡುಕುತ್ತಾ ಇರುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು. ಇಲ್ಕಾದಲ್ಲಿ ಗಾಳಿ ಬೆನ್ನಿಗಿದ್ದಾಗ ಹೆಚ್ಚುಕಮ್ಮಿ ನೇರ ಮಾರ್ಕಿಗೇ (ಸುತ್ತಿ ಬರಬೇಕಾದ ತೇಲುಗುರುತಿಗೇ) ಹೋಗುತ್ತೀರಿ. 29ಇಆರ್‌ನಲ್ಲಿ ಹಾಗೆ ಮಾಡಿದರೆ ಬೋಟು ಸತ್ತುಹೋಗುತ್ತದೆ. ಗೆನ್ನೇಕರ್ (ಮುಂದೆ ಉಬ್ಬುವ ದೊಡ್ಡ ಹಾಯಿ) ಏರಿಸಿ, ಓರೆಯಾಗಿ ಹೋಗಿ, ಜೈಬ್ ಮಾಡಿ (ಬೆನ್ನ ಗಾಳಿಯಲ್ಲೇ ತಿರುಗಿ ಹಾಯಿಯನ್ನು ಇನ್ನೊಂದು ಬದಿಗೆ ದಾಟಿಸಿ), ಮತ್ತೆ ಓರೆ. ಜೋರು ಗಾಳಿ ಬಡಿದಾಗ ಗಾಳಿಯ ಕಡೆ ಮೂತಿ ತಿರುಗಿಸಿದರೆ ಮುಗೀತು, ಗಾಳಿಯಿಂದ ಆಚೆಗೆ ತಿರುಗಿಸಬೇಕು. ಗೊತ್ತಿದ್ದೂ ಮೊದಲ ದಿನ ಆರು ಸಲ ಮಗುಚಿದೆ. ಇದಕ್ಕೆ ಓದಿ ಪ್ರಯೋಜನವಿಲ್ಲ, ರೆಗಟ್ಟಾಕ್ಕೆ (ಹಲವು ರೇಸುಗಳ ಕೂಟಕ್ಕೆ) ಮೂರು ದಿನ ಮುಂಚೆ ಹೋಗಿ ಅದೇ ಜೊತೆಗಾರನ ಜೊತೆ ಮಗುಚಿಕೊಂಡು ಬರಬೇಕು.

ವಾಪಸ್ ಇಲ್ಕಾಕ್ಕೆ ಬಂದಾಗಲೂ ಕೈ ಮರೆತಿರುತ್ತದೆ. ಜೈಬ್ ಮಾಡುವಾಗ ಸಡಿಲಾದ ಶೀಟ್ ಬೋಟಿನ ಹಿಂಬದಿ ಮೂಲೆಗೆ ಸಿಕ್ಕಿಕೊಳ್ಳುವ ಹಳೇ ರೋಗ ಇದೆಯಲ್ಲ, ಬೂಮ್ (ಹಾಯಿಯ ಬುಡದ ಅಡ್ಡಕೋಲು) ತಲೆ ಮೇಲೆ ದಾಟುವ ಕ್ಷಣಕ್ಕೆ ಶೀಟನ್ನು ಒಮ್ಮೆ ಜಗ್ಗಿದರೆ ತಪ್ಪುತ್ತದೆ. ಮೊದಲ ಬೆಳಿಗ್ಗೆ ಬರೀ ಇದನ್ನೇ ಇಪ್ಪತ್ತು ಸಲ ಮಾಡಿ.

ನೆಂಟರ ಬೋಟಿನಲ್ಲಿ ಇರುವಾಗ ಗೆಲ್ಲುವ ಹಟ ಬೇಡ. ಪಾಯಿಂಟ್ ಲೆಕ್ಕವೇ ಹಾಗಿದೆ, ಮೊದಲ ಸ್ಥಾನಕ್ಕೆ 1, ಎರಡಕ್ಕೆ 2, ಒಟ್ಟು ಕಡಿಮೆ ಇದ್ದವರು ಗೆಲ್ಲುತ್ತಾರೆ. ರೆಗಟ್ಟಾಕ್ಕೆ 40 ಬೋಟು ಬಂದಿದ್ದರೆ, ರೇಸ್ ಮುಗಿಸದವರಿಗೆ 41. ಸಾಮಾನ್ಯವಾಗಿ ಒಂದು ಕೆಟ್ಟ ರೇಸನ್ನು ಬಿಡಲು ಅವಕಾಶ ಇರುತ್ತದೆ, ಎರಡನೆಯದು ತಲೆಗೇ ಕಟ್ಟಿಕೊಳ್ಳುತ್ತದೆ. ಗುಂಪಿನಿಂದ ಸ್ವಲ್ಪ ದೂರ ಸ್ಟಾರ್ಟ್ ಮಾಡಿ, ಪ್ರತಿ ರೇಸಲ್ಲೂ ಎಂಟು ಒಂಬತ್ತು ಬಂದರೂ ಪರವಾಗಿಲ್ಲ. ಪೋರ್ಟ್‌ನವರು (ಎಡಗಡೆಯಿಂದ ಗಾಳಿ ಬರುವವರು) ಸ್ಟಾರ್‌ಬೋರ್ಡ್‌ನವರಿಗೆ (ಬಲಗಡೆಯಿಂದ ಬರುವವರಿಗೆ) ದಾರಿ ಬಿಡಬೇಕು ಅನ್ನೋದು ಎಲ್ಲಾ ಬೋಟಿಗೂ ಒಂದೇ, ಆದರೆ ತಪ್ಪು ಮಾಡಿದಾಗ ದಂಡವಾಗಿ ಬೋಟಿನಲ್ಲಿ ಎರಡು ಸುತ್ತು ತಿರುಗಬೇಕೋ ಒಂದು ಸಾಕೋ ಅನ್ನುವುದನ್ನು ಆ ರೆಗಟ್ಟಾದ ಸೂಚನೆಯಲ್ಲಿ ಬದಲಿಸಿರಬಹುದು. ಓದಿ.

ಬಾಡಿಗೆ ಬೋಟಾದರೆ ನೀರಿಗಿಳಿಯುವ ಮುಂಚೆ ನೀವೇ ಮುಟ್ಟಿ ನೋಡಿ. ಒಂದು ಕಡೆ ನನಗೆ ಕೊಟ್ಟ ಇಲ್ಕಾದ ಟೋ ಸ್ಟ್ರ್ಯಾಪ್ (ಹೊರಗೆ ಬಾಗುವಾಗ ಕಾಲು ಸಿಕ್ಕಿಸುವ ಪಟ್ಟಿ) ಕಟ್ಟಿದ ಹಗ್ಗ ಸವೆದಿತ್ತು. ನಾನೂ ನೋಡಲಿಲ್ಲ. ಜೋರು ಗಾಳಿಯಲ್ಲಿ ಪೂರ್ತಿ ಹೊರಗೆ ಬಾಗಿದ್ದಾಗ ಪಟ್ ಅಂತ ಕಿತ್ತು ಬಂತು, ನಾನು ಬೆನ್ನಿನ ಮೇಲೆ ನೀರಲ್ಲಿ, ಶೀಟ್ ಕೈಯಲ್ಲಿದ್ದದ್ದಕ್ಕೆ ಬೋಟು ಸಿಕ್ಕಿತು. ಅಂದಿನಿಂದ ಬ್ಯಾಗಲ್ಲಿ ಎರಡು ಮೀಟರ್ ಹಗ್ಗ, ಟೇಪು, ಚಾಕು, ಒಂದು ಸ್ಪೇರ್ ಬಂಗ್ (ಬೋಟಿನ ತೂತಿನ ಬಿರಡೆ) ಖಾಯಂ. ಇನ್ನೊಂದು, ಇಲ್ಕಾದ ಮಾಸ್ಟ್ (ಹಾಯಿಕಂಬ) ಕೂರುವ ಗುಂಡಿಗೆ ಒಂದು ಚೊಂಬು ನೀರು ತುಂಬಿ ಹತ್ತು ನಿಮಿಷ ಬಿಡಿ. ನೀರಿನ ಮಟ್ಟ ಇಳಿದರೆ ಆ ಬೋಟು ಬೇಡ ಅನ್ನಿ, ಕೊಟ್ಟವರು ಮುಖ ಸಿಂಡರಿಸಿಕೊಂಡರೂ ಸರಿ.