ಒಬ್ಬರೇ ಊಟಕ್ಕೆ ಹೋದಾಗ ಅಪರಿಚಿತರ ಮೇಜಿನಲ್ಲಿ ಕೂರುವ ಬಗೆ

ಊಟದ ಹೊತ್ತಿನಲ್ಲಿ ಹೋಟೆಲು ತುಂಬಿದ್ದು, ನಾಲ್ವರ ಮೇಜಿನಲ್ಲಿ ಒಬ್ಬರೋ ಇಬ್ಬರೋ ಕುಳಿತು ಉಳಿದ ಕುರ್ಚಿಗಳು ಖಾಲಿ ಇರುವಾಗ, ಒಬ್ಬರೇ ಬಂದವರಿಗೆ ಸಿಗುವುದು ಬಹುಮಟ್ಟಿಗೆ ಅಂಥ ಒಂದು ಕುರ್ಚಿಯೇ. ಅಲ್ಲಿ ಹೋಗಿ ಕೂರುವುದು ಕೆಲವರಿಗೆ ಲೆಕ್ಕಕ್ಕೇ ಬಾರದ ಸಂಗತಿ. ಇನ್ನು ಕೆಲವರು ಅದೊಂದೇ ಸಂಕೋಚಕ್ಕೆ ಹಸಿದೇ ಹಿಂದಿರುಗುತ್ತಾರೆ. ಈ ಬರಹ ಎರಡನೆಯವರಿಗಾಗಿ. ಮೇಜು ಹಂಚಿಕೊಳ್ಳುವಾಗ ನೀವು ಕೇಳುತ್ತಿರುವುದು ಜಾಗವನ್ನು ಮಾತ್ರ ಎಂಬುದನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಎದುರಿನವರ ಮಾತು, ಗಮನ, ಸಮಯಗಳ ಮೇಲೆ ನಿಮಗೆ ಹಕ್ಕಿಲ್ಲ. ನಿಮ್ಮವುಗಳ ಮೇಲೆ ಅವರಿಗೂ ಇಲ್ಲ. ಇಷ್ಟು ಸ್ಪಷ್ಟವಾದರೆ ಸಂಕೋಚದ ಅರ್ಧ ಭಾರ ಅಲ್ಲೇ ಇಳಿಯುತ್ತದೆ.

ಒಳಗೆ ಹೋದೊಡನೆ ಅಲ್ಲಿ ಜಾಗ ತೋರಿಸುವವರು ಯಾರಾದರೂ ಇದ್ದಾರೆಯೇ ಎಂದು ನೋಡಿ. ಇದ್ದರೆ, ‘ನಾನು ಒಬ್ಬನೇ, ಬೇರೆಯವರ ಜೊತೆ ಕೂರಲು ಅಭ್ಯಂತರವಿಲ್ಲ’ ಎಂದು ಅವರಿಗೇ ಹೇಳುವುದು ಸುಲಭದ ದಾರಿ. ಕುಳಿತವರನ್ನು ಕೇಳುವ ಕೆಲಸವನ್ನು ಅವರೇ ಮಾಡುತ್ತಾರೆ. ಯಾರೂ ಇಲ್ಲದಿದ್ದರೆ ಆಯ್ಕೆ ನಿಮ್ಮದು. ತಲೆ ಹತ್ತಿರ ತಂದು ದನಿ ತಗ್ಗಿಸಿ ಮಾತಾಡುತ್ತಿರುವ ಇಬ್ಬರನ್ನೂ, ಮಗುವಿಗೆ ತಿನ್ನಿಸುತ್ತ ಎರಡೂ ಕೈ ತುಂಬಿದವರನ್ನೂ, ಮೇಜಿನ ತುಂಬ ಕಾಗದ ಹರಡಿಕೊಂಡವರನ್ನೂ ಬಿಟ್ಟುಬಿಡಿ. ನಿಮ್ಮಂತೆಯೇ ಒಬ್ಬರೇ ಬಂದು, ಸಾವಧಾನವಾಗಿ ತಿನ್ನುತ್ತ, ನಡುನಡುವೆ ತಲೆ ಎತ್ತಿ ಸುತ್ತ ನೋಡುತ್ತಿರುವವರು ಎಲ್ಲರಿಗಿಂತ ಒಳ್ಳೆಯ ಆಯ್ಕೆ.

ಕೇಳುವ ಕ್ರಮದಲ್ಲಿಯೇ ಹೆಚ್ಚಿನ ಸೂಕ್ಷ್ಮವಿದೆ. ‘ಇಲ್ಲಿ ಕೂರಲೇ?’ ಎಂದು ಕೇಳಿದರೆ, ಇಷ್ಟವಿಲ್ಲದವರು ನೇರವಾಗಿ ಬೇಡ ಎನ್ನಬೇಕಾಗುತ್ತದೆ. ಹಾಗೆ ಹೇಳಲಾರದೆ ಅನೇಕರು ಮುಖ ಬಿಗಿದುಕೊಂಡು ಒಪ್ಪುತ್ತಾರೆ, ಆಮೇಲೆ ಇಬ್ಬರ ಊಟವೂ ಕೆಡುತ್ತದೆ. ಅದರ ಬದಲು ‘ಈ ಕುರ್ಚಿಗೆ ಯಾರಾದರೂ ಬರುವವರಿದ್ದಾರೆಯೇ?’ ಎಂದು ಮೊದಲು ಕೇಳಿ, ಇಲ್ಲವೆಂದ ಮೇಲೆ ‘ಹಾಗಾದರೆ ನಾನು ಕೂರಬಹುದೇ?’ ಎನ್ನಿ. ಮೊದಲ ಪ್ರಶ್ನೆಯಲ್ಲಿ ಅವರಿಗೆ ಯೋಚಿಸಲು ಒಂದು ಕ್ಷಣ ಸಿಗುತ್ತದೆ. ಉತ್ತರ ಬರುವವರೆಗೆ ಕುರ್ಚಿಯನ್ನು ಎಳೆಯಬಾರದು, ಅದರ ಬೆನ್ನಿನ ಮೇಲೆ ಕೈ ಊರಬಾರದು, ಚೀಲವನ್ನಂತೂ ಇಡಲೇಬಾರದು. ಹಾಗೆ ಮಾಡಿದವರು ಅನುಮತಿ ಕೇಳಿದಂತಾಗುವುದಿಲ್ಲ, ತೀರ್ಮಾನ ತಿಳಿಸಿದಂತಾಗುತ್ತದೆ. ಅವರ ಬಾಯಲ್ಲಿ ತುತ್ತಿದ್ದರೆ ನುಂಗುವವರೆಗೆ ನಿಲ್ಲಿ. ಇಬ್ಬರು ಕುಳಿತಿದ್ದರೆ ಇಬ್ಬರ ಮುಖವನ್ನೂ ನೋಡಿ ಕೇಳಿ, ಏಕೆಂದರೆ ಒಬ್ಬರ ಒಪ್ಪಿಗೆ ಇನ್ನೊಬ್ಬರದಾಗುವುದಿಲ್ಲ. ಬೇಡವೆಂದರೆ ‘ಪರವಾಗಿಲ್ಲ’ ಎಂದು ಮುಂದಿನ ಮೇಜಿಗೆ ಹೋಗಬೇಕು; ಕಾರಣ ಕೇಳುವುದು ಅವರಿಂದ ಸುಳ್ಳು ಹೇಳಿಸುವುದಕ್ಕೆ ಸಮ.

ಯಾವ ಕುರ್ಚಿಯಲ್ಲಿ ಕೂರಬೇಕೆಂಬುದೂ ಮುಖ್ಯ. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1966ರಲ್ಲಿ ಜನರ ನಡುವಿನ ಅಂತರಗಳನ್ನು ವಿಂಗಡಿಸಿದಾಗ, ಸುಮಾರು 45 ಸೆಂಟಿಮೀಟರಿನಿಂದ 1.2 ಮೀಟರಿನವರೆಗಿನ ದೂರವನ್ನು ಪರಿಚಿತರ ನಡುವಿನದೆಂದೂ, ಅದರಾಚೆಯದನ್ನು ಹೊರಗಿನವರೊಡನೆ ವ್ಯವಹರಿಸುವಾಗಿನದೆಂದೂ ಗುರುತಿಸಿದರು. ಸಾಮಾನ್ಯ ಊಟದ ಮೇಜಿನ ಅಗಲ 75 ಸೆಂಟಿಮೀಟರಿನ ಆಸುಪಾಸು. ಅಂದರೆ ನೇರ ಎದುರಿಗೆ ಕುಳಿತ ಅಪರಿಚಿತರು ಸ್ನೇಹಿತರ ದೂರದಲ್ಲಿಯೇ ಇರುತ್ತಾರೆ, ತಲೆ ಎತ್ತಿದಾಗಲೆಲ್ಲ ಕಣ್ಣಿಗೆ ಕಣ್ಣು ಸಿಗುತ್ತದೆ. ನಮಗೆ ಆಗುವ ಇರುಸುಮುರುಸಿಗೆ ಸ್ವಭಾವದ ಜೊತೆಗೆ ಈ ಅಳತೆಯೂ ಕಾರಣ. ಆದ್ದರಿಂದ ನಾಲ್ವರ ಮೇಜಿನಲ್ಲಿ ಕರ್ಣದ ದಿಕ್ಕಿನ ಕುರ್ಚಿಯನ್ನು, ಅಂದರೆ ಎದುರು ಸಾಲಿನಲ್ಲಿ ಒಂದು ಜಾಗ ಪಕ್ಕಕ್ಕಿರುವುದನ್ನು, ಆರಿಸಿಕೊಳ್ಳಿ. ಅಲ್ಲಿ ದೂರವೂ ಕೊಂಚ ಹೆಚ್ಚು, ನೋಟಕ್ಕೂ ಹರಿಯಲು ಬೇರೆ ದಿಕ್ಕಿದೆ, ಕಾಲಿಗೆ ಕಾಲು ತಗಲುವುದೂ ಇಲ್ಲ. ಇಬ್ಬರ ಮೇಜಾದರೆ ಆಯ್ಕೆಯಿಲ್ಲ. ಕುರ್ಚಿಯನ್ನು ತುಸು ಓರೆಯಾಗಿಸಿಕೊಂಡರೆ ಸಾಕು.

ಕುಳಿತ ಕೂಡಲೇ ಒಮ್ಮೆ ನೋಡಿ, ತಲೆಯಾಡಿಸಿ ಅಥವಾ ಸಣ್ಣಗೆ ನಕ್ಕು, ಬಳಿಕ ನೋಟವನ್ನು ಹಿಂದಕ್ಕೆ ತೆಗೆದುಕೊಳ್ಳಿ. ಸಾರ್ವಜನಿಕ ಸ್ಥಳಗಳಲ್ಲಿ ಅಪರಿಚಿತರು ಹೀಗೆ ಪರಸ್ಪರರ ಇರವನ್ನು ಒಪ್ಪಿ ಮರುಗಳಿಗೆಯೇ ಏಕಾಂತವನ್ನು ಮರಳಿಸುವುದನ್ನು ಸಮಾಜಶಾಸ್ತ್ರಜ್ಞ ಎರ್ವಿಂಗ್ ಗಾಫ್ಮನ್ 1963ರಲ್ಲಿಯೇ ವಿವರಿಸಿದ್ದಾರೆ. ಎದುರಿಗೆ ಯಾರೂ ಇಲ್ಲವೆಂಬಂತೆ ನಡೆದುಕೊಳ್ಳುವುದು ಇದಕ್ಕಿಂತ ಬೇರೆ, ಅದು ಒರಟುತನ. ಒಬ್ಬರ ತಟ್ಟೆ, ಲೋಟ ಮತ್ತು ಮೊಣಕೈಗಳಿಗೆ ಸುಮಾರು 60 ಸೆಂಟಿಮೀಟರ್ ಅಗಲ ಸಾಕಾಗುತ್ತದೆ. ಅಷ್ಟರೊಳಗೆ ನಿಮ್ಮ ಸಾಮಾನು ಇರಲಿ. ನೀರಿನ ಜಗ್ಗು, ಉಪ್ಪು, ಕಾಗದದ ಕರವಸ್ತ್ರಗಳು ಇಬ್ಬರಿಗೂ ಸೇರಿದವು, ಆದರೆ ಅವರ ತಟ್ಟೆಯ ಮೇಲಿಂದ ಕೈ ಚಾಚದೆ ಕೇಳಿ ಪಡೆಯಿರಿ. ಚೀಲವನ್ನು ಕುರ್ಚಿಯ ಬೆನ್ನಿಗೆ ನೇತುಹಾಕುವುದಕ್ಕಿಂತ, ಪಾದಗಳ ನಡುವೆ ಇಟ್ಟು ಪಟ್ಟಿಯನ್ನು ಕಾಲಿಗೆ ಸುತ್ತಿಕೊಳ್ಳುವುದು ಕ್ಷೇಮ.

ನಿಜವಾದ ಗೊಂದಲ ಹುಟ್ಟುವುದು ಆರ್ಡರ್ ಕೊಡುವಾಗ. ಬಹಳಷ್ಟು ಹೋಟೆಲುಗಳಲ್ಲಿ ಅಡುಗೆಮನೆಗೆ ಹೋಗುವ ಚೀಟಿಯೂ ಕೊನೆಯ ಬಿಲ್ಲೂ ಮೇಜಿನ ಸಂಖ್ಯೆಯ ಮೇಲೆ ನಡೆಯುವುದರಿಂದ, ಆ ಲೆಕ್ಕದಲ್ಲಿ ಒಂದೇ ಮೇಜಿನ ಇಬ್ಬರು ಒಂದೇ ಗುಂಪಿನವರಾಗಿಬಿಡುತ್ತಾರೆ. ‘ನಾವು ಬೇರೆ ಬೇರೆ, ನನ್ನ ಬಿಲ್ ಪ್ರತ್ಯೇಕವಾಗಿರಲಿ’ ಎಂದು ಸಪ್ಲೈಯರ್‌ಗೆ ಆರ್ಡರ್ ಕೊಡುವ ಮುನ್ನವೇ, ಎದುರಿನವರಿಗೂ ಕೇಳುವಂತೆ ಹೇಳಿ; ಅದು ಅವರಿಗೂ ನೆಮ್ಮದಿ. ತಟ್ಟೆ ಬಂದಾಗ ಅದು ನೀವು ಹೇಳಿದ್ದೇ ಎಂದು ಖಚಿತಪಡಿಸಿಕೊಂಡು ಕೈ ಹಾಕಿ. ಇಬ್ಬರ ಊಟವೂ ಬರಲಿ ಎಂದು ಕಾಯಬೇಕಿಲ್ಲ. ಬಿಲ್ ಒಟ್ಟಿಗೇ ಬಂದರೆ ಎದುರಿನವರೊಡನೆ ಕೂಡಿ ಕಳೆಯಲು ಹೋಗದೆ, ಸಪ್ಲೈಯರ್‌ನನ್ನು ಕರೆದು ಬೇರ್ಪಡಿಸಿ ಕೊಡಲು ಹೇಳಿ.

ಮಾತಾಡಬೇಕೇ ಬೇಡವೇ ಎಂಬುದು ಎಲ್ಲರನ್ನೂ ಕಾಡುವ ಪ್ರಶ್ನೆ. ನಿಕೊಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ ಎಂಬ ಮನಶ್ಶಾಸ್ತ್ರಜ್ಞರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಷಿಕಾಗೋದ ರೈಲು ಮತ್ತು ಬಸ್ ಪ್ರಯಾಣಿಕರು ಅಪರಿಚಿತರೊಡನೆ ಮಾತಾಡಿದರೆ ಪ್ರಯಾಣ ಬೇಸರವಾದೀತೆಂದು ಎಣಿಸಿದ್ದರು. ಮಾತಾಡಿದವರು ಮೌನವಾಗಿ ಕುಳಿತವರಿಗಿಂತ ಹೆಚ್ಚು ಸಂತೋಷದಿಂದ ಇಳಿದರು. ಈ ಫಲಿತಾಂಶವನ್ನು ಊಟದ ಮೇಜಿಗೆ ಹಾಗೆಯೇ ತರಲು ನನಗೆ ಮನಸ್ಸಿಲ್ಲ, ಏಕೆಂದರೆ ಬಾಯಿ ತುಂಬಿದವರು ಉತ್ತರಿಸುವ ಸ್ಥಿತಿಯಲ್ಲಿರುವುದಿಲ್ಲ, ಎದ್ದು ಹೋಗುವ ಸ್ವಾತಂತ್ರ್ಯವೂ ತಟ್ಟೆ ಖಾಲಿಯಾಗುವವರೆಗೆ ಅವರಿಗಿಲ್ಲ. ಆದರೂ ಊಟ ಬರುವ ಮೊದಲಿನ ಬಿಡುವಿನಲ್ಲಿ ‘ಇವತ್ತು ತುಂಬ ಜನ’ ಎಂಬಂಥ ಒಂದು ಮಾತು ಆಡಬಹುದು. ಉತ್ತರ ಒಂದು ಪದದಲ್ಲಿ ಮುಗಿದರೆ ನೀವೂ ಮುಗಿಸಿ. ಅವರು ತಿರುಗಿ ಏನನ್ನಾದರೂ ಕೇಳಿದರೆ ಮಾತ್ರ ಮುಂದುವರಿಸಿ. ಕೆಲಸ, ಸಂಬಳ, ಮದುವೆ, ವಾಸದ ಸ್ಥಳಗಳ ವಿಚಾರಣೆ ಬೇಡ. ಅವರ ತಟ್ಟೆಯಲ್ಲಿ ಏನಿದೆ, ಎಷ್ಟಿದೆ ಎಂಬುದರ ಬಗ್ಗೆ ಟೀಕೆಯಂತೂ ಖಂಡಿತ ಬೇಡ, ಅದು ಹೊಗಳಿಕೆಯಾದರೂ ಸರಿ. ನಿಮಗೇ ಮಾತು ಬೇಡವಾದಾಗ ‘ಸ್ವಲ್ಪ ಓದುವುದಿದೆ’ ಎಂದು ಪುಸ್ತಕ ತೆರೆದರೆ ಯಾರೂ ತಪ್ಪು ತಿಳಿಯುವುದಿಲ್ಲ. ಫೋನು ನೋಡಬಹುದು, ದನಿ ಹೊರಗೆ ಬಿಡುವುದೂ ಎದುರಿನವರು ಚಿತ್ರದಲ್ಲಿ ಬರುವಂತೆ ಊಟದ ಫೋಟೊ ತೆಗೆಯುವುದೂ ಕೂಡದು.

ಕುಳಿತಿರುವವರು ನೀವಾಗಿದ್ದು ಬೇರೆಯವರು ಬಂದು ಕೇಳಿದಾಗ ನಿರಾಕರಿಸಲು ನಿಮಗೂ ಹಕ್ಕಿದೆ. ಯಾರೂ ಬರದಿರುವಾಗ ಬರುತ್ತಾರೆಂದು ಹೇಳುವುದಕ್ಕಿಂತ ‘ಕ್ಷಮಿಸಿ, ಒಬ್ಬಳೇ ಕೂರಬೇಕೆಂದಿದ್ದೇನೆ’ ಎನ್ನುವುದು ಲೇಸು, ಏಕೆಂದರೆ ಖಾಲಿ ಕುರ್ಚಿ ಕೊನೆಯವರೆಗೂ ಅವರ ಕಣ್ಣೆದುರೇ ಇರುತ್ತದೆ. ಕುಳಿತ ಮೇಲೆ ಯಾರಾದರೂ ದಿಟ್ಟಿಸಿ ನೋಡುತ್ತಿದ್ದರೆ, ಒಂದೇ ಸಮನೆ ಸ್ವಂತ ವಿಷಯ ಕೆದಕುತ್ತಿದ್ದರೆ, ಸೌಜನ್ಯದ ಲೆಕ್ಕಾಚಾರವನ್ನು ಅಲ್ಲಿಗೇ ನಿಲ್ಲಿಸಿ. ಸಪ್ಲೈಯರ್‌ನನ್ನು ಕರೆದು ‘ನನಗೆ ಬೇರೆ ಮೇಜು ಬೇಕು’ ಎಂದು ಎಲ್ಲರಿಗೂ ಕೇಳುವ ದನಿಯಲ್ಲಿ ಹೇಳಿ, ತಟ್ಟೆಯೊಡನೆ ಏಳಿ. ವಿವರಣೆ ಕೊಡುವ ಹೊಣೆ ನಿಮ್ಮದಲ್ಲ.

ಊಟ ಮುಗಿದ ಮೇಲೆ ಎದುರಿನವರಿಗಾಗಿ ಕಾಯುವ ಅಗತ್ಯವಿಲ್ಲ. ‘ಬರುತ್ತೇನೆ’ ಎಂದು ಹೇಳಿ, ಕುರ್ಚಿಯನ್ನು ಶಬ್ದವಾಗದಂತೆ ಒಳಕ್ಕೆ ಸರಿಸಿ ಹೊರಡಿ. ಮೇಜು ಒರೆಸಲು ಬಂದವರು ಅವಸರದಲ್ಲಿ ಎರಡೂ ತಟ್ಟೆಗಳಿಗೆ ಕೈ ಹಾಕುವುದುಂಟು. ‘ಅವರದು ಇನ್ನೂ ಆಗಿಲ್ಲ’ ಎಂದು ತಿಳಿಸಿ ಹೋಗಿ.