ಶೇಂದಿ, ವಿನೆಗರ್, ಗ್ಯಾಸ್: ಫಾರ್ಮುಲಾದಿಂದ ಸ್ಟ್ರಕ್ಚರ್ ಬರೆಯೋದು ಹೇಗೆ?

ಆರ್ಗ್ಯಾನಿಕ್ ಕೆಮಿಸ್ಟ್ರಿ ಅಂದ್ರೆ ಬರೀ ಬಾಯಿಪಾಠ ಅಂತ ಪಿಯುಸಿ ಮಕ್ಕಳಿಗೆ ಯಾರು ಹೇಳಿಕೊಟ್ರೋ ಗೊತ್ತಿಲ್ಲ ಮಾರ್ರೆ, ನನ್ನ ಕೇಳಿದ್ರೆ ಗೆರೆ ಎಣಿಸ್ಲಿಕ್ಕೆ ಬಂದ್ರೆ ಮುಕ್ಕಾಲು ಕೆಲಸ ಆಯ್ತು.

ಫಾರ್ಮುಲಾ ಅಂದ್ರೆ ಒಂದು ಅಣುವಲ್ಲಿ ಯಾವ ಪರಮಾಣು ಎಷ್ಟುಂಟು ಅನ್ನೋ ಲೆಕ್ಕ (ಸಿ ಕಾರ್ಬನ್, ಎಚ್ ಹೈಡ್ರೋಜನ್, ಓ ಆಕ್ಸಿಜನ್), ಸ್ಟ್ರಕ್ಚರ್ ಅಂದ್ರೆ ಯಾವುದು ಯಾವುದಕ್ಕೆ ಅಂಟಿದೆ ಅನ್ನೋ ಚಿತ್ರ. ಮೊದಲು ಇಷ್ಟು ತಲೇಲಿಟ್ಕೊಳ್ಳಿ. ಕಾರ್ಬನ್ನಿಗೆ 4 ಗೆರೆ, ನೈಟ್ರೋಜನ್ನಿಗೆ 3, ಆಕ್ಸಿಜನ್ನಿಗೆ 2, ಹೈಡ್ರೋಜನ್ನಿಗೆ 1. ಒಂದು ಗೆರೆ ಅಂದ್ರೆ ಒಂದು ಬಾಂಡ್, ಎರಡು ಪರಮಾಣುಗಳ ನಡುವಿನ ಕೊಂಡಿ.

ಈಗ ಶೇಂದಿ ತಗೊಳ್ಳುವ, ನಮ್ಮ ಮಂಗಳೂರಲ್ಲಿ ಇಡ್ಲಿಯಂಥ ಸಾನ್ನಾಂ ಹಿಟ್ಟಿಗೆ ಹಾಕ್ತಾರಲ್ಲ ಅದೇ. ಅದ್ರಲ್ಲಿರೋ ಆಲ್ಕೋಹಾಲು ಎಥನಾಲ್, ಸಿ₂ಎಚ್₆ಓ. ಎರಡು ಕಾರ್ಬನ್ ಪಕ್ಕಪಕ್ಕ ಬರೀರಿ, ಮಧ್ಯ ಒಂದು ಗೆರೆ, ಒಂದೊಂದಕ್ಕೂ ಇನ್ನು 3 ಗೆರೆ ಬಾಕಿ ಉಂಟು, ತುದಿಯ ಒಂದು ಗೆರೆಗೆ ಆಕ್ಸಿಜನ್ ಸಿಕ್ಕಿಸಿ ಅದರಾಚೆ ಹೈಡ್ರೋಜನ್ ಹಾಕಿ, ಉಳಿದ ಕಡೆ ಎಲ್ಲಾ ಹೈಡ್ರೋಜನ್: ಸಿಎಚ್₃–ಸಿಎಚ್₂–ಓಎಚ್. ಆದ್ರೆ ಅದೇ ಆಕ್ಸಿಜನ್ನನ್ನು ಎರಡು ಕಾರ್ಬನ್ನಿನ ನಡುವೆ ಕೂರಿಸಿದ್ರೂ ಲೆಕ್ಕ ಸರಿಯಾಗ್ತದೆ, ಸಿಎಚ್₃–ಓ–ಸಿಎಚ್₃. ಅದು ಡೈಮಿಥೈಲ್ ಈಥರ್, ಬೇರೆಯೇ ವಸ್ತು. ಎಥನಾಲ್ ಕುದೀಲಿಕ್ಕೆ 78 ಡಿಗ್ರಿ ಬೇಕು, ಇದು ಮೈನಸ್ 24ಕ್ಕೇ ಗ್ಯಾಸ್ ಆಗಿ ಹೋಗ್ತದೆ, ಯಾಕಂದ್ರೆ ಓಎಚ್ ಇದ್ದ ಅಣುಗಳು ಹೈಡ್ರೋಜನ್ ಬಾಂಡಲ್ಲಿ (ಇದು ನಾವು ಬರೆಯೋ ಗೆರೆಯಲ್ಲ, ಅಣು-ಅಣುವಿನ ನಡುವಿನ ಸಣ್ಣ ಸೆಳೆತ) ಒಂದನ್ನೊಂದು ಹಿಡ್ಕೊಂಡಿರ್ತವೆ. ಅದಕ್ಕೇ ಎಥನಾಲನ್ನು ಸಿ₂ಎಚ್₅ಓಎಚ್ ಅಂತ ಬರೆಯೋದು ಒಳ್ಳೇದು.

ಶೇಂದಿ ಹಾಗೇ ಇಟ್ರೆ ಹುಳಿಯಾಗಿ ವಿನೆಗರ್ ಆಗ್ತದೆ ಅಲ್ವಾ, ಅದ್ರಲ್ಲಿರೋ ಹುಳಿ ಅಸಿಟಿಕ್ ಆಸಿಡ್, ಸಿ₂ಎಚ್₄ಓ₂. ಇಲ್ಲೊಂದು ಉಪಾಯ ಉಂಟು. ಕಾರ್ಬನ್ ಎಷ್ಟುಂಟೋ ಅದನ್ನು ಡಬಲ್ ಮಾಡಿ 2 ಕೂಡಿಸಿ, 6 ಬಂತು, ಹೆಚ್ಚಂದ್ರೆ ಅಷ್ಟು ಹೈಡ್ರೋಜನ್ ಹಿಡಿಸ್ತದೆ. ಇರೋದು 4 ಹೈಡ್ರೋಜನ್. ಪ್ರತಿ 2 ಕಮ್ಮಿಗೆ ಒಂದು ಡಬಲ್ ಬಾಂಡ್ (ಎರಡು ಗೆರೆ), ಇಲ್ಲಾಂದ್ರೆ ಒಂದು ರಿಂಗ್ (ಸಾಲಿನ ತುದಿಗಳು ಸೇರಿ ಆದ ಬಳೆ). ಆಕ್ಸಿಜನ್ ಎಷ್ಟಿದ್ರೂ ಈ ಲೆಕ್ಕಕ್ಕೆ ಬರೂದಿಲ್ಲ. ಅಸಿಟಿಕ್ ಆಸಿಡ್ಡಲ್ಲಿ ಆ ಡಬಲ್ ಬಾಂಡು ಎರಡನೇ ಕಾರ್ಬನ್ನಿಗೂ ಒಂದು ಆಕ್ಸಿಜನ್ನಿಗೂ ನಡುವೆ: ಸಿಎಚ್₃–ಸಿಓ–ಓಎಚ್. ಎಣಿಸಿ ನೋಡಿ, ಎರಡನೇ ಕಾರ್ಬನ್ನಿಗೆ ಎಡಕ್ಕೆ 1, ಆಕ್ಸಿಜನ್ನಿಗೆ 2, ಓಎಚ್‌ಗೆ 1, ಒಟ್ಟು 4.

ಇನ್ನು ಅಡುಗೆ ಗ್ಯಾಸಿನ ಬ್ಯೂಟೇನ್, ಸಿ₄ಎಚ್₁₀. ನಾಲ್ಕು ಕಾರ್ಬನ್ ಸಾಲಾಗಿ ಒಂದು, ಮೂರರ ಸಾಲಿನ ನಡುವಿನದ್ದಕ್ಕೆ ಕೊಂಬೆಯ ಹಾಗೆ ನಾಲ್ಕನೇದು ಹಾಕಿದ್ರೆ ಐಸೋಬ್ಯೂಟೇನ್, ಇಷ್ಟೇ, ಎರಡೇ. ಸಾಲನ್ನು ಮೂಲೆಯಲ್ಲಿ ಬಗ್ಗಿಸಿ ಬರೆದು ಮೂರನೇದು ಸಿಕ್ಕಿತು ಅಂತ ಮಕ್ಕಳು ಖುಷಿಪಡ್ತಾರೆ. ಪೆನ್ನು ಎತ್ತದೆ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಿ, ನಾಲ್ಕೂ ಕಾರ್ಬನ್ ಸಿಕ್ಕಿದ್ರೆ ಅದು ಹಳೇ ಬ್ಯೂಟೇನೇ.

ಕೈ ಪಳಗಬೇಕಂದ್ರೆ ತೆಂಗಿನೆಣ್ಣೆಯ ಲಾರಿಕ್ ಆಸಿಡ್, ಸಿ₁₂ಎಚ್₂₄ಓ₂, ನೀವೇ ಬರೀರಿ. ಉದ್ದ ನೋಡಿ ಹೆದರ್ಬೇಡಿ, ತುದಿಯಲ್ಲಿರೋದು ವಿನೆಗರಿನ ಅದೇ ಸಿಓ–ಓಎಚ್.